ಷಡ್ಡಕನ ತುಪ್ಪ, ನನ್ನ ರಕ್ತ

ಈ ಕಾಯಿಲೆಯವರು ಧೈರ್ಯವಾಗಿರಬೇಕು ಎಂದು ಡಾಕ್ಟರೂ ಹೇಳುತ್ತಾರೆ, ನೋಡಲು ಬಂದ ನೆಂಟರೂ ಹೇಳುತ್ತಾರೆ. ಧೈರ್ಯ ನನ್ನ ಸ್ವಭಾವದಲ್ಲೇ ಇಲ್ಲ. ರೈಲು ಸರಿಯಾದ ಹೊತ್ತಿಗೆ ಬಂದರೆ ಎಲ್ಲೋ ಏನೋ ಎಡವಟ್ಟಾಗಿದೆ ಎಂದು ಹೆದರುವ ರೈಲ್ವೆ ಗುಮಾಸ್ತ ನಾನು. ಆದ್ದರಿಂದ ಮೂತ್ರಪಿಂಡ ಕೆಟ್ಟು, ಮೈ ಊದಿ, ರಕ್ತದಲ್ಲಿ ಕೊಬ್ಬು ತುಂಬಿಕೊಂಡು ಮಲಗಿರುವ ನನ್ನಂಥವರು ಯಾರಾದರೂ ಇದನ್ನು ಓದುತ್ತಿದ್ದರೆ, ಅವರಿಗೆ ಧೈರ್ಯ ಹೇಳುವ ಬದಲು ನನಗೆ ಉಪಯೋಗಕ್ಕೆ ಬಂದದ್ದನ್ನು ಹೇಳುತ್ತೇನೆ. ನನ್ನನ್ನು ಹಾಸಿಗೆಯಿಂದ ಎಬ್ಬಿಸಿದ್ದರಲ್ಲಿ ಅರ್ಧ ಪಾಲು ಮಾತ್ರೆಗಳದ್ದು. ಉಳಿದರ್ಧ, ನನ್ನ ಷಡ್ಡಕ ವೆಂಕಟಸುಬ್ಬಯ್ಯನಿಗೆ ಬುದ್ಧಿ ಕಲಿಸದೆ ಸಾಯಕೂಡದು ಎಂಬ ಹಟದ್ದು.

ವೆಂಕಟಸುಬ್ಬಯ್ಯ ನನ್ನ ಹೆಂಡತಿ ಸರೋಜಳ ಅಕ್ಕನ ಗಂಡ. ವಯಸ್ಸಿನಲ್ಲಿ ದೊಡ್ಡವನು. ಎದುರಿಗೆ ‘ಭಾವ, ನೀವು’ ಎನ್ನುತ್ತೇನೆ. ಬರವಣಿಗೆಯಲ್ಲಿ ಮಾತ್ರ ‘ಅವನು’. ಕಾಯಿಲೆಯವನಿಗೆ ಅಷ್ಟಾದರೂ ರಿಯಾಯಿತಿ ಬೇಡವೆ?

ಅವನದು ಯಲಹಂಕದಲ್ಲಿ ತುಪ್ಪದ ವ್ಯಾಪಾರ. ರಾಜಾನುಕುಂಟೆ ಕಡೆಯ ಹಳ್ಳಿಗಳಿಂದ ಬೆಣ್ಣೆ ತರಿಸಿ, ಕಾಯಿಸಿ, ತಗಡಿನ ಡಬ್ಬಗಳಿಗೆ ತುಂಬಿ, ಬಾಯಿಗೆ ಬಟ್ಟೆ ಬಿಗಿದು ರೈಲಿಗೆ ಹಾಕಿಸುತ್ತಿದ್ದ. ಡಬ್ಬಗಳು ಯಶವಂತಪುರದಲ್ಲಿ ಇಳಿಯುತ್ತಿದ್ದವು. ಅಲ್ಲಿನ ಗೂಡ್ಸ್ ಷೆಡ್ಡಿನಲ್ಲಿ ಬಂದ ಮಾಲನ್ನು ತೂಗಿ, ಅದರ ವಾರಸುದಾರರಿಗೆ ಒಪ್ಪಿಸುವುದು ನನ್ನ ಕೆಲಸ. ನಮ್ಮ ಮನೆ ಮತ್ತಿಕೆರೆಯಲ್ಲಿತ್ತು. ಆಗಿನ್ನೂ ಅದು ಹಳ್ಳಿಯೇ. ರಾಗಿ ಹೊಲದ ಬದುವಿನ ಮೇಲೆ ನಡೆದು ಕೆಲಸಕ್ಕೆ ಹೋಗುತ್ತಿದ್ದೆ.

ಮೊದಲು ಬಿಗಿಯಾದದ್ದು ಚಪ್ಪಲಿ. ಚಮ್ಮಾರನನ್ನು ಬೈದೆ. ಆಮೇಲೆ ಬೆಳಿಗ್ಗೆ ಎದ್ದರೆ ಕಣ್ಣಿನ ರೆಪ್ಪೆಗಳು ಇಡ್ಲಿಯ ಹಾಗೆ ಉಬ್ಬಿರುತ್ತಿದ್ದವು. ಹುಟ್ಟಿದಂದಿನಿಂದ ಕಡ್ಡಿಯಂತಿದ್ದ ನನ್ನನ್ನು ನೋಡಿ ಷೆಡ್ಡಿನ ಹಮಾಲಿಗಳು, ಏನ್ ಸ್ವಾಮಿ, ಈಚೆಗೆ ಒಳ್ಳೆ ಕಳೆ ಬಂದಿದೆ ಎಂದರು. ನಾಚಿಕೆ ಬಿಟ್ಟು ಹೇಳುತ್ತೇನೆ, ಒಳಗೊಳಗೇ ಖುಷಿಪಟ್ಟೆ. ಕನ್ನಡಿಯ ಮುಂದೆ ನಿಂತು ಕೆನ್ನೆ ಸವರಿಕೊಂಡೆ. ಸರೋಜ ಮಾತ್ರ ಖುಷಿಪಡಲಿಲ್ಲ. ಒಂದು ಸಂಜೆ ನನ್ನ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದಳು. ಬೆರಳು ತೆಗೆದರೂ ಅಲ್ಲಿ ಗುಳಿ ಹಾಗೆಯೇ ನಿಂತಿತು, ನಾದಿದ ಹಿಟ್ಟಿನಲ್ಲಿ ನಿಂತ ಹಾಗೆ. ಇಬ್ಬರೂ ಆ ಗುಳಿಯನ್ನೇ ನೋಡುತ್ತ ಕೂತೆವು. ಉಚ್ಚೆಯಲ್ಲಿ ಸೋಪಿನ ನೊರೆಯಂಥ ನೊರೆ ಬರುತ್ತಿರುವುದನ್ನು ಆಗ ಅವಳಿಗೆ ಹೇಳಿದೆ.

ನಾನು ವರ್ಷಗಟ್ಟಲೆ ಕ್ಷಯಕ್ಕೆ ಹೆದರಿಕೊಂಡು ಬಂದವನು. ಎದೆಗೆ ಉಣ್ಣೆಬಟ್ಟೆ ಸುತ್ತಿ, ಕೆಮ್ಮಿದಾಗಲೆಲ್ಲ ಕರವಸ್ತ್ರ ನೋಡಿಕೊಂಡು, ಎಲ್ಲ ಸಿದ್ಧತೆ ಮಾಡಿಕೊಂಡಿದ್ದೆ. ಅಷ್ಟೆಲ್ಲ ಕಾವಲು ಮುಂಬಾಗಿಲಿಗೆ ಇಟ್ಟರೆ ಕಾಯಿಲೆ ಹಿತ್ತಲಿನಿಂದ ಬಂತು.

ಸಿಟಿಯ ಆಸ್ಪತ್ರೆಗೆ ವೆಂಕಟಸುಬ್ಬಯ್ಯನ ಕಾರಿನಲ್ಲೇ ಹೋದೆವು. ಸರೋಜ ಅಕ್ಕನನ್ನು ಕೇಳಿಕೊಂಡಿದ್ದಳು. ಅದೇ ತಪ್ಪಾಯಿತು. ಪರೀಕ್ಷೆಯ ಕೋಣೆಯಲ್ಲಿ ಡಾಕ್ಟರಮ್ಮ ನನ್ನ ಮೂತ್ರವನ್ನು ಗಾಜಿನ ನಳಿಗೆಯಲ್ಲಿ ಹಿಡಿದು ಸ್ಪಿರಿಟ್ ದೀಪದ ಮೇಲೆ ಕಾಯಿಸಿದರು. ಅದು ನೋಡನೋಡುತ್ತ ಮೊಸರಿನಂತೆ ಗಟ್ಟಿಯಾಯಿತು. ಬೆಳಗಿನ ಖಾಲಿ ಹೊಟ್ಟೆಯಲ್ಲಿ ತೆಗೆದ ರಕ್ತವನ್ನು ಇನ್ನೊಂದು ನಳಿಗೆಯಲ್ಲಿ ನಿಲ್ಲಿಸಿದ್ದರು. ಕೆಳಗೆ ಕೆಂಪು ಇಳಿದು, ಮೇಲೆ ಹಳದಿ ನೀರು ತಿಳಿಯಾಗಿ ನಿಲ್ಲಬೇಕಿತ್ತಂತೆ. ನನ್ನದರಲ್ಲಿ ಮೇಲೆ ನಿಂತದ್ದು ಹಾಲು. ಒಂದು ನಳಿಗೆಯಲ್ಲಿ ಮೊಸರು, ಇನ್ನೊಂದರಲ್ಲಿ ಹಾಲು. ಮೈಯೊಳಗೆ ಒಂದು ಡೈರಿಯನ್ನೇ ಇಟ್ಟುಕೊಂಡು ಇಷ್ಟು ದಿನ ಕರಿ ಕಾಫಿ ಕುಡಿಯುತ್ತಿದ್ದೆನಲ್ಲ ಎಂದುಕೊಂಡೆ.

ಡಾಕ್ಟರಮ್ಮ ತಾಳ್ಮೆಯಿಂದ ಹೇಳಿದರು. ಮೂತ್ರಪಿಂಡ ಸೋರುತ್ತಿದೆ, ರಕ್ತದಲ್ಲಿ ಉಳಿಯಬೇಕಾದ ಸತ್ವ ಹೊರಗೆ ಹೋಗುತ್ತಿದೆ, ಆ ಗಾಬರಿಗೆ ಮೈ ತಾನೇ ಕೊಬ್ಬನ್ನು ತಯಾರಿಸಿ ರಕ್ತಕ್ಕೆ ಸುರಿಯುತ್ತಿದೆ, ಇದು ತಿಂದದ್ದರಿಂದ ಬಂದದ್ದಲ್ಲ. ಗಾಬರಿಗೆ ಏನಾದರೂ ಮಾಡಿಕೊಳ್ಳುವುದು ನನ್ನ ಮೈಗೂ ಗೊತ್ತು ಎಂದು ಕೇಳಿ ನನಗೆ ಆಶ್ಚರ್ಯವಾಗಲಿಲ್ಲ. ಬಾಗಿಲಲ್ಲಿ ನಿಂತು ಇಣುಕುತ್ತಿದ್ದ ವೆಂಕಟಸುಬ್ಬಯ್ಯನ ಕಿವಿಗೆ ಮಾತ್ರ ಅಷ್ಟೂ ಮಾತಿನಲ್ಲಿ ಒಂದೇ ಪದ ಬಿತ್ತು. ಕೊಬ್ಬು.

ಅವನಿಗೆ ಆ ಪದದ ಮೇಲೆ ಯಾಕೆ ಅಷ್ಟು ಆಸಕ್ತಿ ಎಂದು ಹೇಳಬೇಕು. ಕೆಲವು ವಾರಗಳಿಂದ ಅವನ ಡಬ್ಬಗಳು ಯಶವಂತಪುರದಲ್ಲಿ ಕಮ್ಮಿ ತೂಗುತ್ತಿದ್ದವು. ಹಳ್ಳಿ ಕಡೆಯ ಸಣ್ಣ ಸ್ಟೇಷನ್ನುಗಳಲ್ಲಿ ದೊಡ್ಡ ತಕ್ಕಡಿ ಇರಲಿಲ್ಲ. ಕಳಿಸುವವರು ಹೇಳಿದ ತೂಕವನ್ನೇ ಬರೆದುಕೊಳ್ಳುವುದು ಪದ್ಧತಿ. ನಮ್ಮ ಷೆಡ್ಡಿನಲ್ಲಿ ತೂಗಿದಾಗ ಡಬ್ಬಕ್ಕೆ ಒಂದು ಕಿಲೋದಷ್ಟು ಖೋತಾ. ಸೇರು ಹೋಗಿ ಕಿಲೋ ಬಂದ ಹೊಸದು. ನಮಗೆ ಕಿಲೋ ತಕ್ಕಡಿ ಬಂದದ್ದೂ ಆಗಲೇ. ಸಿಟಿಯ ವ್ಯಾಪಾರಿ ತೂಕಕ್ಕೆ ತಕ್ಕ ಹಾಗೆ ಹಣ ಮುರಿದುಕೊಳ್ಳುತ್ತಿದ್ದ. ದಾರಿಯಲ್ಲಿ ಯಾರೋ ಬಟ್ಟೆ ಬಿಚ್ಚಿ ತುಪ್ಪ ತೆಗೆಯುತ್ತಿದ್ದಾರೆ ಎಂದು ವೆಂಕಟಸುಬ್ಬಯ್ಯ ಕೂಗಾಡುತ್ತಿದ್ದ.

ನಾನು ಆಸ್ಪತ್ರೆ ಸೇರಿದ ಮೊದಲ ವಾರವೇ, ನೋಡಲು ಬರುವವರ ಹೊತ್ತಿನಲ್ಲಿ, ಅವನು ಮೂಸಂಬಿ ಹಣ್ಣು ಹಿಡಿದುಕೊಂಡು ಬಂದ. ಹಿಂದೆ ಅವನ ಹೆಂಡತಿ, ನನಗೆ ಅತ್ತಿಗೆ. ಸುತ್ತಲಿನ ಮಂಚಗಳಲ್ಲಿ ರೋಗಿಗಳು, ಅವರ ಮನೆಯವರು. ಹಣ್ಣನ್ನು ನನ್ನ ತಲೆದಿಂಬಿನ ಪಕ್ಕ ಇಟ್ಟು, ವಾರ್ಡಿಗೆಲ್ಲ ಕೇಳುವ ಹಾಗೆ ಹೇಳಿದ.

“ಅಲ್ಲಯ್ಯಾ, ಮನೇಲಿ ನೀನ್ ತಿನ್ನೋದು ಅನ್ನ ತಿಳಿಸಾರು. ಮೈಯಲ್ಲಿ ಹರಿಯೋದು ತುಪ್ಪ. ಎಲ್ಲಿಂದ ಬಂತು ಅಂತ ನಾನ್ ಕೇಳ್ಬಾರ್ದಾ?”

ಯಾರೋ ನಕ್ಕರು. ಊದಿದ ಮುಖದಲ್ಲಿ ಸಿಟ್ಟು ಕೂಡ ಕಾಣುವುದಿಲ್ಲ ಎಂಬುದು ಈ ಕಾಯಿಲೆಯ ದೊಡ್ಡ ಅನ್ಯಾಯ. ಸರೋಜ ಆ ಮೂಸಂಬಿಗಳನ್ನು ಎತ್ತಿ ಅತ್ತಿಗೆಯ ಚೀಲಕ್ಕೇ ವಾಪಸು ಹಾಕಿದಳು. “ಇವರಿಗೆ ಹುಳಿ ಆಗಲ್ವಂತೆ ಅಕ್ಕ” ಎಂದಳು. ಡಾಕ್ಟರಮ್ಮ ಹಾಗೆ ಹೇಳಿರಲೇ ಇಲ್ಲ.

ಮಾತು ವಾರ್ಡಿನಲ್ಲೇ ನಿಂತಿದ್ದರೆ ನುಂಗಿಕೊಳ್ಳುತ್ತಿದ್ದೆನೋ ಏನೋ. ಅವನು ಹೋಗಿ ಸ್ಟೇಷನ್ ಮಾಸ್ತರಿಗೂ ಹೇಳಿದ. ನಿಮ್ಮ ಗುಮಾಸ್ತನ ರಕ್ತವನ್ನೇ ನೋಡಿದ್ದೇನೆ, ನನ್ನ ತುಪ್ಪ ಅಲ್ಲಿದೆ ಎಂದನಂತೆ. ಕಳ್ಳತನದ ಮಾಲು ಕಳ್ಳನ ನರಗಳಲ್ಲೇ ಸಿಕ್ಕ ಮೊದಲ ಮೊಕದ್ದಮೆ ನನ್ನದೇ ಇರಬೇಕು. ವಿಚಾರಣೆ ಆಗುವವರೆಗೆ ನಾನು ಷೆಡ್ಡಿಗೆ ಬರಬೇಕಾಗಿಲ್ಲ ಎಂದು ಮೇಲಿನಿಂದ ಹೇಳಿ ಕಳಿಸಿದರು. ಕೆಲಸ ಹೋದರೆ ಮಾನದ ಜೊತೆಗೆ ಆಸ್ಪತ್ರೆಯ ಮಂಚವೂ ಹೋಗುತ್ತಿತ್ತು. ರೈಲ್ವೆ ನೌಕರನೆಂದು ಪುಕ್ಕಟೆ ಕೊಡುತ್ತಿದ್ದ ಮಾತ್ರೆಗಳೂ ಹೋಗುತ್ತಿದ್ದವು. ಆ ಮಾತ್ರೆಗಳನ್ನು ನಡುವೆ ಥಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ ಎಂದು ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದರು. ಅಂಗಡಿಯಲ್ಲಿ ಕೊಂಡು ನುಂಗುವ ತಾಕತ್ತು ನಮಗಿರಲಿಲ್ಲ. ಅಂದರೆ ಷಡ್ಡಕ ನನ್ನ ಕೈಯಿಂದ ಕಸಿದುಕೊಳ್ಳಲು ಹೊರಟಿದ್ದು ಬರೀ ಕುರ್ಚಿಯಲ್ಲ.

ಆ ಮಾತ್ರೆಗಳ ವಿಷಯ ಇನ್ನೊಂದು. ಮೈಯ ಊತ ಇಳಿಸುತ್ತವೆ, ಮುಖವನ್ನು ಮಾತ್ರ ಪೂರ್ಣಚಂದ್ರ ಮಾಡಿ ಕೂರಿಸುತ್ತವೆ. ಹಸಿವೋ, ಗೋಡೆಯ ಸುಣ್ಣ ಕೆರೆದು ತಿನ್ನುವಷ್ಟು. ಮುಂದಿನ ಸಲ ಬಂದ ವೆಂಕಟಸುಬ್ಬಯ್ಯ ನನ್ನ ಗುಂಡು ಮುಖ ನೋಡಿ ತಲೆಯಾಡಿಸಿದ. ಆಸ್ಪತ್ರೆಯೊಳಕ್ಕೂ ಯಾರೋ ಸಾಗಿಸ್ತಾ ಇದಾರೆ ಎಂದು ಅತ್ತಿಗೆಯ ಕಿವಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು.

ಉಪ್ಪು ಬಂದ್ ಆಗಿತ್ತು. ಸರೋಜ ದಿನವೂ ಉಪ್ಪಿಲ್ಲದ ಸಾರು ತರುತ್ತಿದ್ದಳು. ತಾನೂ ಮನೆಯಲ್ಲಿ ಅದನ್ನೇ ಉಣ್ಣುತ್ತಿದ್ದಾಳೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಪಕ್ಕದ ಮಂಚದಲ್ಲಿ ಕೆಂಪಾಪುರದ ಒಕ್ಕಲಿಗ ಮುನಿಯಪ್ಪನವರಿದ್ದರು. ಅವರಿಗೂ ನನ್ನದೇ ಕಾಯಿಲೆ. ಅಷ್ಟು ಹಸಿವಿದ್ದರೂ ನಾನು ಸಪ್ಪೆ ತುತ್ತು ಹಿಡಿದುಕೊಂಡು ಅಳುಮೋರೆ ಮಾಡಿ ಕೂತಿರುವಾಗ ಅವರು ಗಬಗಬನೆ ತಿಂದು ಕೈ ತೊಳೆಯುತ್ತಿದ್ದರು. ಹೇಗೆ ಇಳಿಯುತ್ತದೆ ಸ್ವಾಮಿ ಎಂದು ಕೇಳಿದೆ.

“ನಾನು ನಮ್ ದಾಯಾದಿನ ನೆನೆಸ್ಕಂಡು ತಿಂತೀನಿ. ಅವನ್ ಮ್ಯಾಲಿನ ಸಿಟ್ಟು ಇದ್ರೆ ಉಪ್ಪು ಯಾಕ್ ಬೇಕು? ನೀವೂ ಅಂಗೇ ಮಾಡಿ.”

ಆ ಕಾಯಿಲೆಯಲ್ಲಿ ಡಾಕ್ಟರುಗಳಲ್ಲದವರು ನನಗೆ ಹೇಳಿದ ಏಕೈಕ ಒಳ್ಳೆಯ ಔಷಧಿ ಅದು. ಅಂದಿನಿಂದ ಪ್ರತಿ ತುತ್ತಿಗೂ ವೆಂಕಟಸುಬ್ಬಯ್ಯನನ್ನು ನೆಂಚಿಕೊಂಡೆ. ಅವನ ಕಾರಿನ ಟೈರುಗಳು ಒಡೆದವು. ಅವನ ಬೆಣ್ಣೆ ಹಳಸಿತು. ಒಂದು ಮಧ್ಯಾಹ್ನ ಪಲ್ಯಕ್ಕೆ ಅವನ ಬೋಳುತಲೆಯ ಮೇಲೆ ಕಾದ ತುಪ್ಪ ಸುರಿದೆ. ತಟ್ಟೆ ಖಾಲಿಯಾಗಿತ್ತು. ಸರೋಜ ಹಿಗ್ಗಿ ಹೋದಳು. ಊಟ ಸೇರುತ್ತಿರುವ ಕಾರಣ ಹೇಳಿದರೆ ಹಿಗ್ಗು ಇಳಿಯುತ್ತದೆಂದು ಹೇಳಲಿಲ್ಲ.

ಕೆಲವು ವಾರಗಳಾದ ಮೇಲೆ ಮೈಯಲ್ಲಿ ತುಂಬಿದ್ದ ನೀರು ಇಳಿಯತೊಡಗಿತು. ಕಾಲಿಗೆ ಕಾಲಿನ ಆಕಾರ ಬಂತು. ಹಳೆಯ ಚಪ್ಪಲಿ ತರಿಸಿ ಹಾಕಿಕೊಂಡು ವಾರ್ಡಿನ ತುಂಬ ಓಡಾಡಿದೆ. ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ, ಜೊತೆಯಲ್ಲಿಟ್ಟುಕೊಂಡೇ ಬಾಳಬೇಕು ಎಂದು ಹೇಳಿ ಡಾಕ್ಟರಮ್ಮ ಮನೆಗೆ ಕಳಿಸಿದರು. ಹೊರಡುವ ದಿನ ತೂಕ ಹಾಕಿದರು. ಎಪ್ಪತ್ತೈದು ಕಿಲೋ, ಮಾತ್ರೆಯ ಹಸಿವಿನಲ್ಲಿ ಬೆಳೆದ ಮೈಯೂ ಸೇರಿ. ದಿನಾ ಬೆಳಿಗ್ಗೆ ತೂಕ ನೋಡಿಕೊಳ್ಳಿ, ಒಮ್ಮೆಲೇ ಏರಿದರೆ ನೀರು ಮತ್ತೆ ತುಂಬುತ್ತಿದೆ ಎಂದರ್ಥ, ತಕ್ಷಣ ಬನ್ನಿ ಎಂದರು.

ಷೆಡ್ಡಿನ ತಕ್ಕಡಿಗೆ ನನಗೆ ಪ್ರವೇಶವಿರಲಿಲ್ಲ. ನಮ್ಮ ಬೀದಿಯ ಕೊನೆಯಲ್ಲಿ ಬಾಷಾ ಸಾಹೇಬರ ಸೌದೆ ಡಿಪೋ ಇತ್ತು. ತೊಲೆಗೆ ತೂಗುಹಾಕಿದ ದೊಡ್ಡ ತಕ್ಕಡಿ. ಮಾರನೆಯ ಬೆಳಿಗ್ಗೆ ಅಲ್ಲಿಗೆ ಹೋದೆ. ಸಾಹೇಬರು ತಟ್ಟೆಯ ಮೇಲೆ ಒಗೆದ ಗೋಣಿಚೀಲ ಹಾಸಿ, ಜಾರದಂತೆ ಭುಜ ಹಿಡಿದು ಕೂರಿಸಿದರು. ತುಲಾಭಾರಕ್ಕೆ ಕೂತ ಮಠಾಧಿಪತಿಯ ಹಾಗೆ ಕಾಲು ಮಡಚಿ ಕೂತೆ. ಆಚೆ ತಟ್ಟೆಗೆ ಅವರು ಕಬ್ಬಿಣದ ಕಲ್ಲುಗಳನ್ನು ಒಂದೊಂದಾಗಿ ಇಟ್ಟರು. ಎಂಬತ್ತು ಕಿಲೋ ಎಂದರು.

ಒಂದೇ ರಾತ್ರಿಯಲ್ಲಿ ಐದು ಕಿಲೋ ಏರಿತ್ತು. ಕಣಕಾಲು ಒತ್ತಿ ನೋಡಿಕೊಂಡೆ, ಗುಳಿ ಬೀಳಲಿಲ್ಲ. ಹಾಗಾದರೆ ನೀರು ಒಳಗೆಲ್ಲೋ, ಎದೆಯಲ್ಲೋ ತಲೆಯಲ್ಲೋ ತುಂಬುತ್ತಿದೆ ಎಂದುಕೊಂಡೆ. ಬಸ್ಸು ಹತ್ತಿದೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನನ್ನ ಸರದಿ ಬರುವಷ್ಟರಲ್ಲಿ ಮನಸ್ಸಿನಲ್ಲೇ ಸರೋಜಳನ್ನು ತವರಿಗೆ ಕಳಿಸಿದ್ದೆ, ನನ್ನ ಕೋಟನ್ನು ದಾನ ಮಾಡಿಸಿದ್ದೆ. ವೆಂಕಟಸುಬ್ಬಯ್ಯ ನನ್ನ ವೈಕುಂಠ ಸಮಾರಾಧನೆಯಲ್ಲಿ ಎಲೆಯ ಮುಂದೆ ಕೂತು, ಪಾಪ, ತುಪ್ಪ ಕಂಡರೆ ಬಿಡುತ್ತಿರಲಿಲ್ಲ ಎನ್ನುವುದೂ ಕೇಳಿಸಿತು. ಸಾಯುವುದಕ್ಕಿಂತ ಅದೇ ಹೆಚ್ಚು ಉರಿಯಿತು.

ಡಾಕ್ಟರಮ್ಮ ತೂಕ ಹಾಕಿದರು. ಎಪ್ಪತ್ತೈದೇ. ನನ್ನನ್ನೂ ಮುಳ್ಳನ್ನೂ ನೋಡಿ, ನೀವು ಕೂತ ತಕ್ಕಡಿಗೇ ಕಾಯಿಲೆ ಇರಬೇಕು ಎಂದು ನಕ್ಕರು.

ಡಿಪೋಗೆ ವಾಪಸು ಹೋಗಿ ಬಾಷಾ ಸಾಹೇಬರನ್ನು ತರಾಟೆಗೆ ತೆಗೆದುಕೊಂಡೆ. ಅವರು ಸಂಕೋಚದಿಂದ ಒಂದು ಕಲ್ಲನ್ನು ಎತ್ತಿ ತಿರುಗಿಸಿ ತೋರಿಸಿದರು. ಹೊಸ ಬಣ್ಣದ ಕೆಳಗೆ ಹಳೆಯ ಪಕ್ಕಾ ಸೇರಿನ ಮುದ್ರೆ ಇತ್ತು.

“ಕಲ್ಲು ಹಳೇದೇ ಸಾಬ್, ಹೆಸರು ಹೊಸದು. ಹೊಸಾ ಕಲ್ಲು ಎಲ್ಲಿ ಸಿಗ್ತದೆ? ಬಣ್ಣ ಹೊಡೆದು ಕಿಲೋ ಅಂತ ಬರೆಸಿದೀವಿ. ಈ ಕಡೆ ಎಲ್ಲಾರೂ ಅಷ್ಟೇ.”

ಪಕ್ಕಾ ಸೇರು ಕಿಲೋಗಿಂತ ಚೂರು ಕಮ್ಮಿ. ಒಂದು ಕಲ್ಲಿನಲ್ಲಿ ಗೊತ್ತಾಗದಷ್ಟು. ಆಳೊಬ್ಬ ಕೂತರೆ ಐದು ಕಿಲೋದಷ್ಟು. ಹದಿನೈದು ಹದಿನಾರು ಕಿಲೋದ ಒಂದು ಡಬ್ಬ ತುಪ್ಪ ಕೂತರೆ? ಸೌದೆ ರಾಶಿಯ ಮೇಲೆ ಕುಸಿದು ಕೂತು ಲೆಕ್ಕ ಹಾಕಿದೆ. ಡಬ್ಬಕ್ಕೆ ಒಂದು ಕಿಲೋದಷ್ಟು, ಷಡ್ಡಕನ ಖೋತಾ ಕೂಡ ಅಷ್ಟೇ. ಎದ್ದು ಬಾಷಾ ಸಾಹೇಬರ ಎರಡೂ ಕೈ ಹಿಡಿದುಕೊಂಡೆ. ಬೈಯುತ್ತಿದ್ದವನು ಯಾಕೆ ಕೈ ಹಿಡಿದನೆಂದು ಅವರಿಗೆ ತಿಳಿಯಲಿಲ್ಲ.

ಮೆಲ್ಲಗೆ ಅಕ್ಕನಿಗೆ ಹೇಳಿಬಿಡೋಣ, ಭಾವ ದೂರು ವಾಪಸು ತಗೋತಾರೆ, ಗಲಾಟೆಯಿಲ್ಲದೆ ಮುಗಿಯುತ್ತೆ ಎಂದಳು ಸರೋಜ. ಕಳ್ಳ ಅನ್ನುವಾಗ ಅವನು ಮೆಲ್ಲಗೆ ಅಂದಿದ್ದನೆ ಎಂದು ಕೇಳಿದೆ. ಹಾಗಾದರೆ ಅಕ್ಕನನ್ನೂ ವಿಚಾರಣೆಗೆ ಬರಹೇಳುತ್ತೇನೆ ಎಂದಳು. ಮೂಸಂಬಿ ವಾಪಸು ಹಾಕಿದ ಹೆಂಗಸು ಅವಳು.

ವಿಚಾರಣೆಯ ದಿನ ಮಾಲು ಕಳಿಸುವವರ ತೂಕದ ಕಲ್ಲುಗಳನ್ನೂ ತರಿಸಬೇಕೆಂದು ಸ್ಟೇಷನ್ ಮಾಸ್ತರನ್ನು ಕೇಳಿಕೊಂಡೆ. ವೆಂಕಟಸುಬ್ಬಯ್ಯ ಜರಿಪಂಚೆ ಉಟ್ಟು, ಆಳಿನ ತಲೆಯ ಮೇಲೆ ಕಲ್ಲುಗಳನ್ನು ಹೊರಿಸಿಕೊಂಡು, ಗೆದ್ದವನ ಹಾಗೆ ಷೆಡ್ಡಿಗೆ ಬಂದ. ಸಿಟಿಯ ವ್ಯಾಪಾರಿ ಇದ್ದ, ಹಮಾಲಿಗಳೆಲ್ಲ ಇದ್ದರು, ಬೇರೆ ತುಪ್ಪದವರೂ ಇದ್ದರು. ನಾನು ಮಫ್ಲರ್ ಸುತ್ತಿಕೊಂಡು ಮೂಲೆಯಲ್ಲಿ ಕೂತಿದ್ದೆ. ಮಾಸ್ತರು ರೈಲ್ವೆಯ ಕಿಲೋವನ್ನು ಒಂದು ತಟ್ಟೆಗಿಟ್ಟು, ಅವನ ಕಿಲೋವನ್ನು ಇನ್ನೊಂದಕ್ಕಿಟ್ಟರು. ಅವನ ತಟ್ಟೆ ಮೇಲೆ ಹೋಯಿತು. ಅದನ್ನು ತೆಗೆದು ಮತ್ತೊಂದು ಕಲ್ಲು ಇಟ್ಟರು, ಅದೂ ಮೇಲೆ ಹೋಯಿತು. ಬೇರೆ ತುಪ್ಪದವರು ತಮ್ಮ ತಮ್ಮ ಕಾಲುಬೆರಳು ನೋಡಿಕೊಳ್ಳತೊಡಗಿದರು. ಮಾಸ್ತರು ಉಗುರಿನಿಂದ ಬಣ್ಣ ಕೆರೆದರು. ಸೇರಿನ ಮುದ್ರೆ ಕಂಡಿತು. ನಿಮ್ಮ ತುಪ್ಪ ನಿಮ್ಮ ಮನೆ ಬಿಟ್ಟೇ ಹೊರಟಿಲ್ಲವಲ್ಲ ಎಂದರು. ಹಮಾಲಿಗಳು ನಕ್ಕ ನಗು ನನ್ನ ಮೂತ್ರಪಿಂಡಕ್ಕೆ ನೇರವಾಗಿ ತಾಕಿತು. ಅಂಥ ಔಷಧಿಯನ್ನು ಯಾವ ಅಂಗಡಿಯವರೂ ಮಾರುವುದಿಲ್ಲ.

ಅಲ್ಲಿಗೇ ಅವನು ಸುಮ್ಮನಾಗಿದ್ದರೆ ನಾನೂ ಬಿಡುತ್ತಿದ್ದೆನೇನೋ. ಅವನು ಬೆವರು ಒರೆಸಿಕೊಂಡು, “ಕಲ್ಲಿನ ವಿಷಯ ಸರಿ ಸಾರ್. ಆ ರಕ್ತ? ಅದನ್ನ ನಾನೇ ಕಣ್ಣಾರೆ ನೋಡಿದೀನಿ” ಎಂದ.

ಇದಕ್ಕಾಗಿಯೇ ಕಾದಿದ್ದೆ. “ಹಾಗಾದ್ರೆ ನಿಮ್ಮದನ್ನೂ ನೋಡೋಣ ಭಾವ” ಎಂದೆ. ಅವನಿಗೆ ಸೂಜಿಯೆಂದರೆ ಪ್ರಾಣ ಹೋಗುತ್ತದೆಂದು ಇಡೀ ಬಂಧುಬಳಗಕ್ಕೆ ಗೊತ್ತು. ಏನೇನೋ ಕೆಲಸಗಳನ್ನು ಜ್ಞಾಪಿಸಿಕೊಂಡ. ಅದುವರೆಗೆ ಬಾಯಿ ಬಿಡದಿದ್ದ ಅತ್ತಿಗೆ ಸೆರಗು ಸರಿಮಾಡಿಕೊಂಡು ಹೇಳಿದರು. “ಹೋಗಿ ಕೊಟ್ಟು ಬನ್ನಿ. ಊಟಕ್ಕೆ ಕೂತ್ರೆ ಮಿಳ್ಳೆ ಮಿಳ್ಳೆ ಹಾಕಿಸ್ಕೋತೀರಲ್ಲ, ಎಲ್ ಹೋಗಿದೆ ಅಂತ ನಾನೂ ನೋಡ್ಬೇಕು.”

ಹೆಂಡತಿಯ ಎದುರಿಗೆ ಅವನು ತಪ್ಪಿಸಿಕೊಳ್ಳಲಾಗಲಿಲ್ಲ. ಒಂದು ಬೆಳಿಗ್ಗೆ ಇಬ್ಬರೂ ಖಾಲಿ ಹೊಟ್ಟೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತೆವು. ಸೂಜಿ ಕಂಡದ್ದೇ ಅವನು ಬಾಳೆದಿಂಡಿನ ಹಾಗೆ ಹಿಂದಕ್ಕೆ ಬಿದ್ದ. ಅವನು ಎದ್ದು ಕೂರುವ ಹೊತ್ತಿಗೆ ಎರಡು ನಳಿಗೆಗಳು ಪಕ್ಕಪಕ್ಕದಲ್ಲಿ ನಿಂತಿದ್ದವು. ಅನ್ನ ತಿಳಿಸಾರಿನ ನನ್ನದರಲ್ಲಿ ಈಗಲೂ ಹಾಲು, ಸ್ವಲ್ಪ ನೀರು ಬೆರೆಸಿದ ಹಾಲು. ಮಿಳ್ಳೆ ತುಪ್ಪದ ಅವನದರಲ್ಲಿ ಎಳ್ಳೆಣ್ಣೆಯಂಥ ತಿಳಿ ಹಳದಿ ನೀರು. ಡಾಕ್ಟರಮ್ಮ ಅವನಿಗೂ ಮೊದಲಿನಿಂದ ಬಿಡಿಸಿ ಹೇಳಿದರು. ಈ ಸಲ ಅವನು ಎಲ್ಲ ಪದಗಳನ್ನೂ ಕೇಳಿಸಿಕೊಂಡ. ವಾರದೊಳಗೆ ನನ್ನ ಕುರ್ಚಿ ನನಗೆ ಸಿಕ್ಕಿತು, ಮಾತ್ರೆಗಳು ಉಳಿದವು.

ನಾನೂ ಎಲ್ಲ ಕೇಳಿಸಿಕೊಂಡಿದ್ದೆ. ಆದರೆ ಮಾತ್ರೆಗಳಿಂದ ನೆನಪಿನ ಶಕ್ತಿ ಕುಗ್ಗಿತ್ತೋ ಏನೋ, ಷೆಡ್ಡಿಗೆ ಬರುವ ವ್ಯಾಪಾರಿಗಳಿಗೆ ಅದರಲ್ಲಿ ಅರ್ಧವನ್ನು ಮಾತ್ರ ಹೇಳಿದೆ. ಯಲಹಂಕದ ವೆಂಕಟಸುಬ್ಬಯ್ಯನವರ ರಕ್ತ ಪರೀಕ್ಷೆ ಆಯಿತಂತೆ, ದಿನಾ ಅವರದೇ ತುಪ್ಪ ತಿನ್ನುತ್ತಾರಂತೆ, ರಕ್ತದಲ್ಲಿ ಮಾತ್ರ ಕೊಬ್ಬಿನ ಸುಳಿವೇ ಇಲ್ಲವಂತೆ ಎಂದೆ. ಅಷ್ಟೇ. ಅದರಿಂದ ಅವರ ತುಪ್ಪದ ಬಗ್ಗೆ ಏನು ಅರ್ಥ ಮಾಡಿಕೊಳ್ಳಬೇಕೆಂದು ನಾನು ಯಾರಿಗೂ ಹೇಳಲಿಲ್ಲ. ಅವನು ನನ್ನ ಬಗ್ಗೆ ಹೂಡಿದ ತರ್ಕವೇ ಅದು, ತಲೆಕೆಳಗು ಮಾಡಿ ವಾಪಸು ಕೊಟ್ಟೆ. ಮಾತು ರೈಲಿಗಿಂತ ಮುಂಚೆ ಯಲಹಂಕ ಮುಟ್ಟಿತು. ಜನ ಅವನ ಅಂಗಡಿಯಲ್ಲಿ ತುಪ್ಪವನ್ನು ಅಂಗೈಗೆ ಹಾಕಿಸಿಕೊಂಡು ಮೂಸತೊಡಗಿದರು.

ಇದು ತಪ್ಪಲ್ಲವೆ ಎಂದು ಸರೋಜ ಒಮ್ಮೆ ಕೇಳಿದಳು. ತಪ್ಪೇ ಎಂದೆ.

ಈಗಲೂ ಆಗಾಗ ಕಣಕಾಲು ಊದುತ್ತದೆ. ಉಪ್ಪು ಇಲ್ಲ. ನಳಿಗೆಯಲ್ಲಿ ಬಿಳುಪು ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲವಂತೆ. ಬೆಳಿಗ್ಗೆ ಎದ್ದ ಕೂಡಲೇ ಹೆದರುತ್ತೇನೆ, ಹಲ್ಲುಜ್ಜಿದ ಮೇಲೆ ಕಮ್ಮಿಯಾಗುತ್ತದೆ. ನಿಮಗೂ ಹಾಗೆಯೇ ಆಗುತ್ತಿದ್ದರೆ ನೀವೊಬ್ಬರೇ ಅಲ್ಲ ಎಂದು ತಿಳಿದಿರಿ. ಮನಸ್ಸು ತೀರಾ ಕುಗ್ಗಿದ ದಿನ ನಾನು ಯಲಹಂಕದ ಬಸ್ಸು ಹತ್ತಿ ಷಡ್ಡಕನ ಅಂಗಡಿಗೆ ಹೋಗುತ್ತೇನೆ. ಅವನು ಕುರ್ಚಿ ಹಾಕಿಸುತ್ತಾನೆ, ಹಾಕಿಸದೆ ವಿಧಿಯಿಲ್ಲ. ಯಾರಾದರೂ ಗಿರಾಕಿ ಬಂದು ಅಂಗೈ ಮೂಸಿದರೆ ಸಾಕು, ಅವನು ಶುರುಮಾಡುತ್ತಾನೆ. ನೋಡಿ ಸ್ವಾಮಿ, ತಿನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ರಕ್ತದಲ್ಲಿ ಕೊಬ್ಬು ನಿಲ್ಲುವುದು ಮೂತ್ರಪಿಂಡ ಸೋರಿದರೆ, ಇಗೋ ಇವರು ಒಂದು ಚಮಚ ತುಪ್ಪ ತಿಂದವರಲ್ಲ, ಇವರ ರಕ್ತವನ್ನು ನಾನೇ ನೋಡಿದ್ದೇನೆ, ಇವರಂಥ ಪ್ರಾಮಾಣಿಕರಿಲ್ಲ. ನನ್ನ ಕಾಯಿಲೆಯನ್ನು ಅಷ್ಟು ಚೆನ್ನಾಗಿ ವಿವರಿಸುವವರು ಡಾಕ್ಟರಮ್ಮನನ್ನು ಬಿಟ್ಟರೆ ಅವನೊಬ್ಬನೇ.

ನಾನು ಕುರ್ಚಿಯಲ್ಲಿ ಒರಗಿ ಕೂತು ಪೂರ್ತಿ ಕೇಳುತ್ತೇನೆ. ಅವನು ಮುಗಿಸಿ ಉಸಿರು ಬಿಡುವ ಹೊತ್ತಿಗೆ ಗಿರಾಕಿಯ ಕಡೆ ನೋಡಿ, “ಇನ್ನೊಂದ್ಸಲ ಹೇಳಿ ಭಾವ, ಇವರಿಗೆ ಸರಿಯಾಗಿ ಕೇಳಿಸ್ಲಿಲ್ಲ ಅನ್ಸುತ್ತೆ” ಎನ್ನುತ್ತೇನೆ.